ಮಳೆಗಾಲ ತಾಳುವ ಸ್ಮಾರ್ಟ್ ಕನ್ನಡಿ: ಮನೆಯಲ್ಲೇ ಮಾಡುವುದು ಹೇಗೆ?

ಒಂದು ಹಳೆಯ ಮಾನಿಟರ್, ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರ್, ಟೂ-ವೇ ಮಿರರ್ (ಮುಂದೆ ಪ್ರತಿಬಿಂಬ ತೋರುತ್ತಲೇ ಹಿಂದಿನ ಪರದೆಯ ಬೆಳಕನ್ನು ಹಾಯಗೊಡುವ ಕನ್ನಡಿ), ಮರದ ಚೌಕಟ್ಟು. ಇಷ್ಟಿದ್ದರೆ ಮುಖ ನೋಡುವ ಕನ್ನಡಿಯಲ್ಲೇ ಗಂಟೆ, ಹವಾಮಾನ, ಕ್ಯಾಲೆಂಡರ್ ಮೂಡುತ್ತವೆ. ಮಂಗಳೂರು, ಉಡುಪಿಯ ಕಡೆ ಇದನ್ನು ಮಾಡಿಕೊಂಡವರ ಮನೆಗಳಲ್ಲಿ ನಾನು ಕಂಡಂತೆ, ಮೊದಲು ಕೈಕೊಡುವುದು ಚೌಕಟ್ಟು. ಬೇಸಗೆಯಲ್ಲಿ ಚೆಂದಕ್ಕೆ ಕೂತ ಮೂಲೆಗಳು ಮಳೆ ಜಡಿಯುವ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬಾಯಿಬಿಟ್ಟಿರುತ್ತವೆ.

ಕನ್ನಡಿ ಗಾಜಿನದ್ದೇ ಇರಲಿ. ಅಕ್ರಿಲಿಕ್ ಹಾಳೆ ಹಗುರ ನಿಜ, ಆದರೆ ಬಾಗಿದರೆ ಮುಖ ಸೊಟ್ಟಗೆ ಕಾಣುತ್ತದೆ. ಸಾದಾ ಗಾಜಿಗೆ ಕಾರಿನ ಸನ್‌ಫಿಲ್ಮ್ ಅಂಟಿಸುವ ಅಗ್ಗದ ದಾರಿಯಂತೂ ಬೇಡವೇ ಬೇಡ. ಗುಳ್ಳೆ ಏಳುತ್ತದೆ, ಅಕ್ಷರ ಮಸುಕಾಗುತ್ತದೆ. ಉರಿಯುವ ಪರದೆಯ ಮೇಲೆ ಕನ್ನಡಿಯ ಎರಡೂ ಮಗ್ಗುಲನ್ನು ಇಟ್ಟು ನೋಡಿ, ಸ್ಪಷ್ಟವಾಗಿ ಕಾಣುವುದನ್ನು ಗುರುತು ಮಾಡಿಕೊಳ್ಳಿ.

ಅಡಾಪ್ಟರ್ ಹೊರಗಿರುವ ಮಾನಿಟರನ್ನೇ ಆರಿಸಿ, ಅದರ ಪ್ಲಾಸ್ಟಿಕ್ ಕವಚ ಬಿಚ್ಚಿ. ಪವರ್ ಸಪ್ಲೈ ಒಳಗೇ ಇರುವ ಮಾನಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ ಕೂಡಿಡುವ ಬಿಡಿಭಾಗಗಳಲ್ಲಿ) ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಈಗ ಮರ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆ ನಮ್ಮ ತೇವಕ್ಕೆ ಉಬ್ಬುತ್ತದೆ, ಮುಟ್ಟಬೇಡಿ. ಆಗಷ್ಟೇ ಕೊಯ್ದ ಹಸಿ ಮರವೂ ಆಗದು. ಹಳೆಯ ಹೆಂಚಿನ ಮನೆ ಕೆಡವಿದಾಗ ಸಿಗುವ ತೇಗದ ಅಥವಾ ಹಲಸಿನ ಪಕ್ಕಾಸಿಗೆ (ಮಾಡಿನ ಇಳಿಜಾರು ತೊಲೆಗೆ) ಸಾಟಿಯಿಲ್ಲ; ಮಾಡಿನಡಿ ದಶಕಗಳ ಕಾಲ ಒಣಗಿದ ಮರ ತಿರುಚಿಕೊಳ್ಳುವುದು ಕಡಿಮೆ. ಕೀಸುಳಿ (ಮರ ಹೆರೆದು ನುಣುಪು ಮಾಡುವ ಹತಾರು) ಹಾಕುವ ಮೊದಲು ಒಳಗೆ ಮುರಿದು ಉಳಿದ ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ. ಸೂಜಿಮೊನೆಯಷ್ಟು ತೂತು, ಅದರಿಂದ ಉದುರುವ ಹಿಟ್ಟು ಕಂಡರೆ ಆ ತುಂಡು ಒಲೆಗೆ.

ಮರ ಉದ್ದಕ್ಕೆ ಹಿಗ್ಗುವುದು ತೀರಾ ಅಲ್ಪ, ಅಗಲಕ್ಕೆ ಹಿಗ್ಗುತ್ತದೆ. ಆದ್ದರಿಂದಲೇ 45 ಡಿಗ್ರಿಗೆ ಕೊಯ್ದು ಸೇರಿಸಿದ ಮೂಲೆ ಮಳೆಗಾಲದಲ್ಲಿ ಹೊರತುದಿಯಲ್ಲಿ, ಒಣ ಹವೆಯಲ್ಲಿ ಒಳತುದಿಯಲ್ಲಿ ಸಂದು ಬಿಡುತ್ತದೆ. ಪಟ್ಟಿ ಅಗಲವಾದಷ್ಟೂ ಸಂದು ದೊಡ್ಡದು. 2 ಇಂಚಿಗಿಂತ ಅಗಲದ ಪಟ್ಟಿ ಬೇಡ. 45 ಡಿಗ್ರಿಯ ಬದಲು ಪ್ರತಿ ಪಟ್ಟಿಯ ಎರಡೂ ತುದಿಗಳಲ್ಲಿ ಅರ್ಧ ದಪ್ಪ ಕೊರೆದು, ಒಂದರ ಮೇಲೊಂದು ಕೂರಿಸಿ, ನೀರಿಗೆ ಬಿಡದ ಅಂಟು ಹಚ್ಚಿ ಕ್ಲ್ಯಾಂಪ್ ಬಿಗಿಯಿರಿ. ಅಂಟು ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಸಮ ಬರದಿದ್ದರೆ ಉದ್ದ ಬಂದ ಕಡೆಯ ಮೂಲೆಗಳನ್ನು ಒಳಕ್ಕೆ ಒತ್ತಿ.

ಚೌಕಟ್ಟಿನ ಹಿಂಬದಿಯ ಒಳಅಂಚಿನಲ್ಲಿ ಕನ್ನಡಿ ಕೂರುವ ಮೆಟ್ಟಿಲು ಕೊರೆಯಬೇಕು. ಹೆಚ್ಚಿನವರು ಇದನ್ನು ಕನ್ನಡಿಯ ಅಳತೆಗೆ ಬಿಗಿಯಾಗಿ ಕೊರೆಯುತ್ತಾರೆ. ಮರ ಹಿಗ್ಗಿದಾಗ ಗಾಜು ಬಿರುಕು ಬಿಡಬಹುದು. ಸುತ್ತಲೂ 2 ಮಿಲಿಮೀಟರ್ ಸಡಿಲ ಇರಲಿ. ಪರದೆ ಮಾತ್ರ ಕನ್ನಡಿಯ ಬೆನ್ನಿಗೆ ಆನಿಕೊಂಡೇ ಇರಬೇಕು, ಅಂತರ ಬಿದ್ದರೆ ಬೆಳಕು ಸೋರುತ್ತದೆ. ಪರದೆಯನ್ನು ಲೋಹದ ಅಂಚಿನಲ್ಲಷ್ಟೇ ಮರದ ತುಂಡುಗಳಿಂದ ಹಿಡಿಸಿ. ಕನ್ನಡಿಯ ಬೆನ್ನಲ್ಲಿ ಪರದೆ ಮುಚ್ಚದ ಭಾಗಕ್ಕೆ ದಪ್ಪ ಕಪ್ಪು ಕಾಗದ ಹಾಕಿ. ಸ್ಕ್ರೂಗಳು ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯವು, ಕಡಲ ಗಾಳಿಗೆ ಕಬ್ಬಿಣ ಬಾಳದು. ಬಿಡಿಭಾಗಗಳನ್ನು ಕೂರಿಸುವ ಮೊದಲೇ ಪಾಲಿಶ್ ಮುಗಿಸಿ. ಬೆನ್ನಿಗೂ ಕೊರೆದ ಮೆಟ್ಟಿಲಿಗೂ ಹಚ್ಚದಿದ್ದರೆ ಒಂದೇ ಮಗ್ಗುಲು ತೇವ ಹೀರಿ ಪಟ್ಟಿ ಬಾಗುತ್ತದೆ. ಹಿಂದಿನ ಮುಚ್ಚಳಕ್ಕೆ ಕೆಳಗೂ ಮೇಲೂ ಗಾಳಿಕಂಡಿ ಕೊರೆಯಿರಿ.

ತಂತ್ರಾಂಶದ್ದು ಸುಲಭದ ಕೆಲಸ. ಮ್ಯಾಜಿಕ್‌ಮಿರರ್ ಉಚಿತ, ಬೇಕಾದ್ದನ್ನು ಅದರ ಕಾನ್ಫಿಗ್ (ಸೆಟ್ಟಿಂಗ್‌ಗಳ) ಕಡತದಲ್ಲಿ ಬರೆದರಾಯಿತು. ಹಿನ್ನೆಲೆ ಕಪ್ಪಾಗಿಯೇ ಇರಲಿ, ಕಪ್ಪು ಇದ್ದಲ್ಲಷ್ಟೇ ಕನ್ನಡಿ ಕನ್ನಡಿಯಂತೆ ಕಾಣುವುದು.

ಗೋಡೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನದ್ದಾದರೆ) ಡ್ರಿಲ್ ಮಾಡುವಾಗ ತೂತು ಪುಡಿಯಾಗಿ ಹಿಗ್ಗುತ್ತದೆ. ಸಣ್ಣ ಬಿಟ್‌ನಿಂದ ಶುರುಮಾಡಿ, ಗಿಲಾವು ದಾಟಿ ಕಲ್ಲಿನೊಳಗೆ ಇಳಿಯುವಷ್ಟು ಉದ್ದದ, ಸ್ಕ್ರೂ ಹಿಡಿಯುವ ಗೋಡೆ ಪ್ಲಗ್ ಹಾಕಿ, ಭಾರವನ್ನು ಎರಡು ಕಡೆ ಹಂಚಿ. ಸ್ವಿಚ್ ಕೈಗೆಟುಕುವಲ್ಲಿರಲಿ, ಗುಡುಗು ಕೇಳಿದರೆ ಪೈಯನ್ನು ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಡಿ. ಏಕಾಏಕಿ ಕರೆಂಟ್ ಹೋದರೆ ಮೆಮೊರಿ ಕಾರ್ಡ್‌ನಲ್ಲಿರುವ ಕಡತಗಳು ಕೆಡುವುದುಂಟು, ಅದರ ಒಂದು ನಕಲು ಬೇರೆ ಕಾರ್ಡ್‌ನಲ್ಲಿರಲಿ.