ಭಾಗಗಳ ಚಿಕಿತ್ಸೆಗೆ ಬೇರೆ ಪದ್ಧತಿಗಳನ್ನು ಜೋಡಿಸಿಕೊಂಡ ಬಗೆ: ಕಾಸರಗೋಡಿನ ನನ್ನ ಅನುಭವ

ನಾನು ಮೂಲತಃ ಸಿಬಿಟಿಯಲ್ಲಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಮನೋಚಿಕಿತ್ಸೆಯಲ್ಲಿ, ತರಬೇತಿ ಪಡೆದವಳು. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಈ ಪದ್ಧತಿ ಯೋಚನೆಯನ್ನು ಪರೀಕ್ಷಿಸಿ, ವರ್ತನೆಯನ್ನು ಬದಲಿಸಿ, ಆ ಮೂಲಕ ಭಾವನೆಯನ್ನು ಹಗುರಗೊಳಿಸುತ್ತದೆ. ಕಾಸರಗೋಡು ಪೇಟೆಯಲ್ಲಿಯೂ ಬದಿಯಡ್ಕದ ಕಡೆಯಲ್ಲಿಯೂ ಕೆಲಸ ಮಾಡುತ್ತ ಹೋದಂತೆ, ಐಎಫ್‌ಎಸ್ ಎಂದು ಕರೆಯಲಾಗುವ ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಚಿಕಿತ್ಸೆಯನ್ನು, ಅಂದರೆ ಮನಸ್ಸನ್ನು ಹಲವು ಭಾಗಗಳ ಕುಟುಂಬದಂತೆ ಕಾಣುವ ‘ಭಾಗಗಳ ಚಿಕಿತ್ಸೆ’ಯನ್ನು, ಅದರ ಜೊತೆಗೆ ಸೇರಿಸಿಕೊಂಡೆ. ಎಲ್ಲಿ ಸೇರಿಸಿದೆ, ಎಲ್ಲಿ ಬೇಕೆಂದೇ ಸೇರಿಸಲಿಲ್ಲ ಎಂಬುದನ್ನು ಇದೇ ಕೆಲಸದಲ್ಲಿರುವ ಕನ್ನಡದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಬರುವ ವ್ಯಕ್ತಿಗಳು ಯಾರೊಬ್ಬರೂ ಅಲ್ಲ. ಹಲವರ ಅನುಭವಗಳನ್ನು ಬೆರೆಸಿ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಮಿತಿಮೀರಿ ತಿಂದು ಅದನ್ನು ವಾಂತಿ ಮುಂತಾದವುಗಳಿಂದ ಹೊರಹಾಕುವ ಬುಲಿಮಿಯಾ ಕಾಯಿಲೆಯವರೊಂದಿಗೆ ಕೆಲಸ ಮಾಡುವಾಗ, ಅವರು ತಮ್ಮೊಳಗಿನ ಬೇರೆ ಬೇರೆ ಭಾಗಗಳ ಜಗಳದ ಬಗ್ಗೆ ಹೇಳುತ್ತಿದ್ದುದನ್ನು ಬರೀ ಮಾತಿನ ಅಲಂಕಾರವೆಂದು ಬಿಡದೆ ಕೇಳಿಸಿಕೊಂಡು, ಕುಟುಂಬ ಚಿಕಿತ್ಸೆಯ ಕ್ರಮವನ್ನು ಒಬ್ಬನೇ ವ್ಯಕ್ತಿಯ ಮನಸ್ಸಿಗೆ ಅನ್ವಯಿಸಿದರು. ಹಳೆಯ ನೋವನ್ನು ಹೊತ್ತು ಮೂಲೆಗೆ ಸರಿದ ಭಾಗಗಳು, ಆ ನೋವು ಮೇಲೆ ಬಾರದಂತೆ ದಿನವಿಡೀ ಎಚ್ಚರ ವಹಿಸುವ ‘ಮ್ಯಾನೇಜರ್’ ಭಾಗಗಳು, ನೋವು ಮೇಲೆ ಬಂದೇಬಿಟ್ಟಾಗ ಕುಡಿತದಿಂದಲೋ ಸಿಟ್ಟಿನಿಂದಲೋ ಅದನ್ನು ಮುಚ್ಚಿಹಾಕುವ ‘ಫೈರ್‌ಫೈಟರ್’ ಭಾಗಗಳು, ಇವೆಲ್ಲವನ್ನೂ ಕುತೂಹಲದಿಂದ, ಕರುಣೆಯಿಂದ ನೋಡಬಲ್ಲ ಶಾಂತವಾದ ‘ಸೆಲ್ಫ್’: ಇಷ್ಟು ಅದರ ಚೌಕಟ್ಟು. ಇದು ಪೂರ್ತಿ ಹೊಸದೇನೂ ಅಲ್ಲ. ಎದುರಿನ ಖಾಲಿ ಕುರ್ಚಿಯಲ್ಲಿ ತನ್ನದೇ ಒಂದು ಭಾಗ ಕುಳಿತಿದೆ ಎಂಬಂತೆ ಮಾತಾಡಿಸುವ ಗೆಸ್ಟಾಲ್ಟ್ ಚಿಕಿತ್ಸೆಯ ವಿಧಾನ, ವಾಟ್ಕಿನ್ಸ್ ದಂಪತಿಯ ಈಗೋ ಸ್ಟೇಟ್ ಚಿಕಿತ್ಸೆ, ಜೆಫ್ರಿ ಯಂಗ್ ಅವರ ಸ್ಕೀಮಾ ಚಿಕಿತ್ಸೆ ಇವೆಲ್ಲ ಇದೇ ನೆಲದಲ್ಲಿ ನಡೆದಾಡಿದಂಥವು. ಹಾಗಾಗಿ ಇದನ್ನು ಇನ್ನೊಂದು ಪದ್ಧತಿಯೊಂದಿಗೆ ಸೇರಿಸಿದರೆ ಅದರ ಶುದ್ಧತೆ ಕೆಡುತ್ತದೆ ಎಂಬ ಆತಂಕ ನನಗೆ ಎಂದೂ ಹುಟ್ಟಲಿಲ್ಲ.

ನಾನು ಕಂಡುಕೊಂಡ ಕೆಲಸದ ಹಂಚಿಕೆ ಹೀಗಿದೆ. ಚಿಕಿತ್ಸೆಗೆ ಒಳಗಿನಿಂದ ಯಾರ ಒಪ್ಪಿಗೆ ಸಿಕ್ಕಿಲ್ಲ ಎಂಬುದನ್ನು ಭಾಗಗಳ ಮಾತುಕತೆ ತಿಳಿಸುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಮಾಡಬೇಕಾದ ಅಭ್ಯಾಸವನ್ನು ಬೇರೆ ಪದ್ಧತಿಗಳು ಕೊಡುತ್ತವೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದರೆ ಎರಡೂ ಸೊರಗುತ್ತವೆ.

ಖಿನ್ನತೆಗಾಗಿ ಬಂದ, ಐವತ್ತು ದಾಟಿದ ಅಡಿಕೆ ಕೃಷಿಕರೊಬ್ಬರ ವಿಷಯ ತೆಗೆದುಕೊಳ್ಳುತ್ತೇನೆ. ಆ ವರ್ಷ ಕೊಳೆರೋಗದಿಂದ ಫಸಲಿನ ಬಹುಭಾಗ ಉದುರಿತ್ತು, ಮಗ ಗಲ್ಫಿನಲ್ಲಿದ್ದ, ಇವರು ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಸಿಬಿಟಿಯ ರೂಢಿಯಂತೆ ಯೋಚನೆಗಳನ್ನು ಬರೆದಿಡುವ ಹಾಳೆ ಕೊಟ್ಟೆ: ಸಂದರ್ಭ, ಆಗ ಬಂದ ಯೋಚನೆ, ಸೊನ್ನೆಯಿಂದ ನೂರರವರೆಗೆ ಭಾವನೆಯ ತೀವ್ರತೆ, ಆ ಯೋಚನೆಗೆ ಪರವಾದ ಮತ್ತು ವಿರುದ್ಧವಾದ ಆಧಾರ. ಹಾಳೆ ಪ್ರತಿ ಸಲವೂ ಖಾಲಿಯಾಗಿಯೇ ಮರಳುತ್ತಿತ್ತು. “ಎಂತ ಬರೆಯುದು ಮೇಡಂ, ಬರೆದರೆ ಬಿದ್ದ ಅಡಿಕೆ ಪುನಃ ಮರಕ್ಕೆ ಹತ್ತುತ್ತದಾ?” ಎಂದು ಅವರು ಕೇಳಿದ್ದು ತಮಾಷೆಗಲ್ಲ. ಹಾಗೆ ಕೇಳಿದ ಧ್ವನಿ ಯಾರದು ಎಂದು ನಾನು ವಿಚಾರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ತೀರಿಹೋದ ತಮ್ಮ ತಂದೆಯವರು ಮಾತಾಡುವ ರೀತಿ ಎಂದರು.

ಇಲ್ಲಿ ಸಿಬಿಟಿಯೊಂದರಿಂದಲೇ ಮುಂದುವರಿದಿದ್ದರೆ ನಾನು ಅವರನ್ನು ತಂದೆಯೊಂದಿಗೆ ವಾದಕ್ಕೆ ಇಳಿಸಿದಂತಾಗುತ್ತಿತ್ತು. ಹಿರಿಯರ ಎದುರು ಆಧಾರ ಮಂಡಿಸಿ ಗೆಲ್ಲುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲ. ಹೂಂ ಎಂದು ತಲೆಯಾಡಿಸಿ ಎದ್ದುಹೋಗುವುದೇ ರೂಢಿ, ಖಾಲಿ ಹಾಳೆಯೂ ಅದನ್ನೇ ಮಾಡುತ್ತಿತ್ತು. ಆದ್ದರಿಂದ ಹಾಳೆಯನ್ನು ಬದಿಗಿಟ್ಟು, ಬೈಯುವ ಆ ಭಾಗವನ್ನು ಅವರೇ ಮಾತನಾಡಿಸುವಂತೆ ಹೇಳಿದೆ. ಅದನ್ನು ಏಕವಚನದಲ್ಲಿ ಕರೆಯಲು ಅವರಿಗೆ ಬಾಯಿ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. “ಇವರನ್ನು ಬೈಯುವುದು ನಿಲ್ಲಿಸಿದರೆ ಏನಾದೀತೆಂದು ನಿಮಗೆ ಹೆದರಿಕೆ?” ಎಂಬ ಪ್ರಶ್ನೆಗೆ ಒಳಗಿನಿಂದ ಬಂದ ಉತ್ತರ ಸರಳವಾಗಿತ್ತು: ಇವನು ಮಲಗಿದಲ್ಲಿಯೇ ಉಳಿಯುತ್ತಾನೆ, ತೋಟ ಹಾಳು ಬೀಳುತ್ತದೆ. ಬೈಗುಳದ ಉದ್ದೇಶ ತೋಟವನ್ನು ಉಳಿಸುವುದಾಗಿತ್ತು, ಫಲಿತಾಂಶ ಮಾತ್ರ ತದ್ವಿರುದ್ಧವಾಗಿತ್ತು.

ಇಷ್ಟು ತಿಳಿದ ಮೇಲೆ ಸಿಬಿಟಿಯ ಸಾಧನಗಳಿಗೆ ಮರಳಿದೆವು. ಖಿನ್ನತೆಯಲ್ಲಿ ಮನಸ್ಸು ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯದೆ, ಚಿಕ್ಕ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡಿ ಮನಸ್ಸನ್ನು ಹಿಂದಿನಿಂದ ಎಳೆದು ತರುವ ವಿಧಾನವಿದೆ. ಆ ಚಿಕ್ಕ ಕೆಲಸವನ್ನು ನಾನು ಆರಿಸಲಿಲ್ಲ, ಬೈಯುವ ಭಾಗವೇ ಆರಿಸಿತು: ಬೆಳಿಗ್ಗೆ ಚಹಾ ಕುಡಿದು ತೋಟಕ್ಕೆ ಒಂದು ಸುತ್ತು ಹಾಕುವುದು, ಆ ಅರ್ಧ ಗಂಟೆ ಬೈಯದೆ ಜೊತೆಗೆ ನಡೆಯುವುದು. ಹಾಳೆಗೆ ‘ಯಾರ ಮಾತು?’ ಎಂಬ ಹೊಸ ಕಾಲಂ ಸೇರಿಸಿದೆ. ‘ನಾನು ಸೋಮಾರಿ, ಅಡಿಕೆಗೆ ಮದ್ದು ಸಿಂಪಡಿಸಲಿಲ್ಲ’ ಎಂಬ ಸಾಲಿನ ಎದುರು ಆ ಕಾಲಂ ತುಂಬಿದ ಮೇಲೆಯೇ ಆಧಾರಗಳು ಬಂದವು. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಒಮ್ಮೆ ಸಿಂಪಡಿಸಿಯಾಗಿತ್ತು. ಸುಮಾರು 45 ದಿನಗಳ ಬಳಿಕ ಎರಡನೆಯದು ಆಗಬೇಕಿದ್ದಾಗ ಮಳೆ ಬಿಡುವು ಕೊಡಲಿಲ್ಲ, ಬಿಡುವು ಸಿಕ್ಕಾಗ ಮರ ಹತ್ತುವವರು ಸಿಗಲಿಲ್ಲ, ಅತ್ತಿತ್ತಲಿನ ತೋಟಗಳಲ್ಲಿಯೂ ಅಡಿಕೆ ಉದುರಿತ್ತು. ಇವನ್ನು ನಾನು ಹೇಳಿಸಿದ್ದರೆ ಸಮಾಧಾನದ ಮಾತಾಗುತ್ತಿತ್ತು. ತೋಟದ ಲೆಕ್ಕ ಬಲ್ಲ ಭಾಗದ ಬಾಯಿಂದಲೇ ಬಂದದ್ದರಿಂದ ಅವು ಸಾಕ್ಷ್ಯಗಳಾದವು.

ಒಸಿಡಿ ಎನ್ನುವ ಗೀಳು ಕಾಯಿಲೆಯಲ್ಲಿ ಈ ಕ್ರಮವನ್ನು ಹೀಗೆಯೇ ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಂಬಳೆಯ ಕಡೆಯ, ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಯುವತಿಯೊಬ್ಬಳು ಕೈ ತೊಳೆಯುವುದರಲ್ಲಿಯೇ ದಿನದ ಹಲವು ಗಂಟೆಗಳನ್ನು ಕಳೆಯುತ್ತಿದ್ದಳು. ನನ್ನಲ್ಲಿಗೆ ಬರುವ ಮೊದಲೇ ಬೇರೆಲ್ಲೋ ಭಾಗಗಳ ಚಿಕಿತ್ಸೆಯ ಪರಿಚಯವಾಗಿತ್ತು. ಹೆದರುವ ಭಾಗವನ್ನು ಆಕೆ ದಿನವೂ ಮಾತನಾಡಿಸುತ್ತಿದ್ದಳು, ‘ಏನೂ ಆಗುವುದಿಲ್ಲ’ ಎಂದು ಅದನ್ನು ಸಂತೈಸುತ್ತಿದ್ದಳು, ಅರೆಗಳಿಗೆ ಹಗುರವೆನಿಸುತ್ತಿತ್ತು, ಮತ್ತೆ ಅದೇ ಭಯ. ಗೀಳಿನ ಸ್ವಭಾವ ಬಲ್ಲವರಿಗೆ ಇದು ಕೂಡಲೇ ಗೊತ್ತಾಗುತ್ತದೆ: ತೊಳೆಯುವುದು ನಲ್ಲಿಯ ಕೆಳಗಿನಿಂದ ಮನಸ್ಸಿನೊಳಕ್ಕೆ ಸ್ಥಳ ಬದಲಿಸಿತ್ತು, ಅಷ್ಟೆ. ಕೇಳಿದಾಗಲೆಲ್ಲ ಸಿಗುವ ಭರವಸೆ, ಅದು ಅಮ್ಮನಿಂದ ಬರಲಿ ತನ್ನೊಳಗಿನಿಂದಲೇ ಬರಲಿ, ಗೀಳಿಗೆ ಮೇವು.

ಈ ಕಾಯಿಲೆಗೆ ಒಗ್ಗಿದ ಮನೋಚಿಕಿತ್ಸೆ ಎಕ್ಸ್‌ಪೋಶರ್ ಆ್ಯಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಚಿಕ್ಕದಾಗಿ ಇಆರ್‌ಪಿ. ಇದರ ಬೇರು 1966ರಲ್ಲಿ ವಿಕ್ಟರ್ ಮೇಯರ್ ಪ್ರಕಟಿಸಿದ ಕೆಲಸದಲ್ಲಿದೆ. ಭಯ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸುವುದು, ಎದುರಿಸಿದ ಮೇಲೆ ತೊಳೆಯದಿರುವುದು, ಏರಿದ ಭಯವನ್ನು ಏರಿದಲ್ಲಿಯೇ ಇರಗೊಡುವುದು. ಭಾಗಗಳೊಂದಿಗಿನ ಮಾತಿಗೆ ನಾನು ಇದರಲ್ಲಿ ಒಂದೇ ಒಂದು ಜಾಗ ಕೊಟ್ಟೆ, ಅದು ಆರಂಭದಲ್ಲಿ. ಮನೆಯವರಿಗೆ ರೋಗ ಅಂಟಿಸಬಾರದೆಂದು ಹಗಲಿರುಳು ಕಾವಲು ನಿಂತ ಭಾಗದ ಅಕ್ಕರೆಯನ್ನು ಒಪ್ಪಿಕೊಂಡು, ಅಭ್ಯಾಸಕ್ಕೆ ಅದರ ಒಪ್ಪಿಗೆ ಪಡೆದೆವು. ಅಲ್ಲಿಂದ ಮುಂದೆ ಬಸ್ಸಿನ ಕಂಬಿ ಹಿಡಿದ ಕೈಯಿಂದ ಬಿಸ್ಕತ್ತು ತಿನ್ನುವಾಗ, ಚಪ್ಪಲಿ ಮುಟ್ಟಿ ಓದುವ ಪುಸ್ತಕ ತೆರೆಯುವಾಗ, ಒಳಗಿನ ಯಾರೊಂದಿಗೂ ಮಾತಿಲ್ಲ ಎಂಬುದು ನಮ್ಮ ಕರಾರು. ಭಯ ನೂರರಲ್ಲಿ ಎಂಬತ್ತಕ್ಕೆ ಏರಿದರೆ ಎಂಬತ್ತು ಎಂದು ಬರೆದು ಕುಳಿತಿರುವುದು. “ಅಮ್ಮಾ, ನಾನು ಸರಿಯಾಗಿ ತೊಳೆದೆನಾ?” ಎಂದು ಕೇಳಿದಾಗ ತಾಯಿ “ಇದಕ್ಕೆ ಉತ್ತರ ಕೊಡುವುದಿಲ್ಲ ಅಂತ ನಾವೇ ಮಾತಾಡಿಕೊಂಡಿದ್ದೇವಲ್ಲ ಮಗಾ” ಎನ್ನಬೇಕಿತ್ತು. ಆಕೆಗಿಂತ ತಾಯಿಗೆ ಇದು ಹೆಚ್ಚು ಕಷ್ಟವಾಯಿತು. ಅಜ್ಜಿಯ ಪೂಜೆಯ ಮಡಿಯನ್ನು ಮಾತ್ರ ನಾವು ಮುಟ್ಟಲಿಲ್ಲ. ಮನೆಯ ಎಲ್ಲರೂ ಪಾಲಿಸುವ ಆಚಾರ ಬೇರೆ, ಆ ಆಚಾರವನ್ನು ಮೀರಿ ಬೆಳೆದ ಗೀಳು ಬೇರೆ. ಈ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ನಮ್ಮ ಊರಿನ ಮನೆಗಳಲ್ಲಿ ಇಆರ್‌ಪಿ ಒಂದು ಹೆಜ್ಜೆಯೂ ಮುಂದೆ ಹೋಗದು.

ಕುಡಿತದ ವಿಷಯದಲ್ಲಿ ಜೋಡಣೆ ಬಹಳ ಸಲೀಸು. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದ, ಪ್ರೇರಣಾತ್ಮಕ ಸಂದರ್ಶನ ಎನ್ನಬಹುದಾದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಪದ್ಧತಿ ಬಿಡಬೇಕು ಮತ್ತು ಬಿಡಲಾರೆ ಎಂಬ ಎರಡೂ ಮನಸ್ಸುಗಳನ್ನು ಗೌರವದಿಂದ ಕೇಳಿಸಿಕೊಳ್ಳುತ್ತದೆ. ಅವೆರಡನ್ನು ಎರಡು ಭಾಗಗಳೆಂದು ಕಂಡರೆ ಮಾತು ಇನ್ನಷ್ಟು ಸರಾಗವಾಗುತ್ತದೆ, ಏಕೆಂದರೆ ‘ನೀವು ಕುಡುಕರು’ ಎಂಬ ಆರೋಪ ತಾನಾಗಿ ಬಿದ್ದುಹೋಗುತ್ತದೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿಯಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರ ಮೇಲ್ವಿಚಾರಣೆಯಲ್ಲಿ ದೇಹ ಸುಧಾರಿಸಬೇಕು, ಭಾಗಗಳ ಮಾತುಕತೆ ಆಮೇಲೆ.

ಆಘಾತದ ನೆನಪುಗಳಿಗೆ ನಾನು ಫ್ರಾನ್ಸಿನ್ ಶಾಪಿರೊ 1980ರ ದಶಕದ ಕೊನೆಯಲ್ಲಿ ಬೆಳೆಸಿದ, ಕಣ್ಣುಗಳನ್ನು ಅತ್ತಿತ್ತ ಚಲಿಸುತ್ತ ನೋವಿನ ನೆನಪನ್ನು ಎದುರಿಸುವ ಇಎಂಡಿಆರ್ ಚಿಕಿತ್ಸೆ ಬಳಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತೋತ್ತರ ತೊಂದರೆಗೆ ಆಘಾತ ಕೇಂದ್ರಿತ ಸಿಬಿಟಿಯ ಜೊತೆಗೆ ಇದನ್ನೂ ಸೂಚಿಸಿದೆ. ಇದರ ಎಂಟು ಹಂತಗಳಲ್ಲಿ ಎರಡನೆಯದಾದ ಸಿದ್ಧತೆಯ ಹಂತದಲ್ಲಿ, ನೆನಪನ್ನು ತೆರೆಯುವುದು ಯಾವ ಭಾಗಕ್ಕೆ ಬೇಡವಾಗಿದೆ ಎಂದು ವಿಚಾರಿಸುತ್ತೇನೆ. ನಡುವೆ ಕಣ್ಣಿನ ಚಲನೆ ನಡೆದರೂ ನೆನಪು ಕದಲದೆ ನಿಂತರೆ ಅದೇ ಭಾಗವನ್ನು ಮತ್ತೆ ಕೇಳುತ್ತೇನೆ. ಅದಕ್ಕಿಂತ ಹೆಚ್ಚಿನ ಬೆರಕೆ ನನಗೆ ಬೇಕೆನಿಸಿಲ್ಲ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ಎಚ್ಚರವಿದೆ. ಭೂತಕೋಲ, ತೆಯ್ಯಂಗಳ ಈ ನೆಲದಲ್ಲಿ ‘ನಿಮ್ಮೊಳಗೆ ಮಾತಾಡುವ ಒಂದು ಭಾಗವಿದೆ’ ಎಂದರೆ ಮನೆಯವರು ಅದನ್ನು ಮೈಮೇಲೆ ಬರುವುದೆಂದು ತಿಳಿಯುವುದು ಸಹಜ. ನಾನು ನಂಬಿಕೆಯ ಚರ್ಚೆಗೆ ಹೋಗುವುದಿಲ್ಲ. ಪ್ರಸಾದ ಕೇಳುವುದಿದ್ದರೆ ಕೇಳಿ, ನಾನು ಹೇಳುತ್ತಿರುವುದು ‘ಹೋಗಲೋ ಬೇಡವೋ’ ಎಂದು ನಮ್ಮೆಲ್ಲರೊಳಗೂ ನಡೆಯುವ ಮಾತಿನ ಬಗ್ಗೆ, ಎಂದು ಬಿಡಿಸಿ ಹೇಳುತ್ತೇನೆ. ಧ್ವನಿ ಹೊರಗಿನಿಂದ ಕಿವಿಗೆ ಕೇಳಿಸುತ್ತದೆ, ಯಾರೋ ತನ್ನ ಯೋಚನೆಗಳನ್ನು ನಡೆಸುತ್ತಿದ್ದಾರೆ ಎನ್ನುವವರಲ್ಲಿ ಮಾತ್ರ ಭಾಗಗಳ ಚಿಕಿತ್ಸೆಯನ್ನು ಆರಂಭಿಸುವುದೇ ಇಲ್ಲ, ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ. ಸಾಯುವ ಯೋಚನೆ ಇದ್ದವರಲ್ಲಿ ಆ ಯೋಚನೆಯ ಭಾಗಕ್ಕೆ ಏನು ಬೇಕೆಂದು ಕೇಳುವ ಮೊದಲು ಮನೆಯಲ್ಲಿರುವ ಕೀಟನಾಶಕಗಳನ್ನು ಬೇರೆಡೆಗೆ ಸಾಗಿಸುವುದು, ರಾತ್ರಿ ಜೊತೆಗಿರುವವರು ಯಾರೆಂದು ನಿಶ್ಚಯಿಸುವುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಡುವುದು ಆಗಬೇಕು.

ಐಎಫ್‌ಎಸ್‌ಗೆ ಇರುವ ಸಂಶೋಧನೆಯ ಬಲ ಸಿಬಿಟಿ, ಇಆರ್‌ಪಿ, ಇಎಂಡಿಆರ್‌ಗಳಿಗೆ ಹೋಲಿಸಿದರೆ ಇನ್ನೂ ತೀರ ಕಡಿಮೆ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಹೋಲಿಸುವ ಯಾದೃಚ್ಛಿಕ ಅಧ್ಯಯನಗಳ ಪೈಕಿ ಹೆಚ್ಚಾಗಿ ಉಲ್ಲೇಖಿಸಲಾಗುವ ಒಂದು, 2013ರದ್ದು, ರುಮಟಾಯ್ಡ್ ಸಂಧಿವಾತದ ರೋಗಿಗಳ ಮೇಲೆ ನಡೆದದ್ದು. ಚಿಕಿತ್ಸೆಗೆ ಬರುವವರಿಗೆ ಇದನ್ನು ಮೊದಲ ಭೇಟಿಯಲ್ಲಿಯೇ ಹೇಳುತ್ತೇನೆ. ಖಿನ್ನತೆಗೆ 27 ಅಂಕಗಳ ಪಿಎಚ್‌ಕ್ಯೂ-9, ಗೀಳಿಗೆ 40 ಅಂಕಗಳ ವೈ-ಬಾಕ್ಸ್ ಮಾಪನವನ್ನು ಆರಂಭದಲ್ಲಿಯೂ ನಡುನಡುವೆಯೂ ತುಂಬಿಸುತ್ತೇನೆ. ಭಾಗಗಳ ಮಾತುಕತೆ ಎಷ್ಟೇ ಸೊಗಸಾಗಿ ನಡೆದಿದ್ದರೂ, ಮನೆಗೆ ಹೋಗುವಾಗ ಮನಸ್ಸು ಎಷ್ಟೇ ತುಂಬಿ ಬಂದಿದ್ದರೂ, ಅಂಕ ಇಳಿಯದೆ ನಿಂತರೆ ನಾನು ಮೊದಲು ಕಡಿಮೆ ಮಾಡುವುದು ಆ ಮಾತುಕತೆಯ ಹೊತ್ತನ್ನೇ. ಹಾಗೆ ಉಳಿದ ಸಮಯವನ್ನು ತೋಟದ ಸುತ್ತಿಗೆ, ಬಸ್ಸಿನ ಕಂಬಿಗೆ ಕೊಡುತ್ತೇನೆ.