ಸಿಎಲ್‌ಟಿ ಪ್ಯಾನೆಲ್‌ಗಳಿಗೆ ಸ್ಕ್ರೂ ಬಿಗಿಯುವ ಕ್ರಮ: ಮಲೆನಾಡಿನಲ್ಲಿ ಮಾಡ್ಯುಲರ್ ಮನೆ ಕಟ್ಟುವವರಿಗೆ

ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಬರುವಂತೆ ಅಂಟಿಸಿದ ದಪ್ಪ ಪ್ಯಾನೆಲ್ಲೇ ಸಿಎಲ್‌ಟಿ. ಇಂಥವುಗಳಿಂದ ಇಡೀ ಕೋಣೆಯನ್ನು ಶೆಡ್ಡಿನಲ್ಲೇ ಜೋಡಿಸಿ ಲಾರಿಯಲ್ಲಿ ತರುವ ಪದ್ಧತಿಯಲ್ಲಿ ಸಂದುಗಳ ಬಲ ಬಹುಪಾಲು ಸ್ಕ್ರೂಗಳದ್ದೇ. ಬೀಟೆ, ಸಾಗುವಾನಿಯಲ್ಲಿ ಕೈ ಪಳಗಿದ ತೀರ್ಥಹಳ್ಳಿ, ಸಾಗರದ ಆಚಾರಿಗಳೂ ಇಲ್ಲಿ ಎಲ್ಲ ಸ್ಕ್ರೂಗಳನ್ನು ಒಂದೇ ಬಗೆಯವೆಂದು ಕಾಣುವ ಅಭ್ಯಾಸವನ್ನು ಬಿಡಬೇಕು.

ತುದಿಯ ಕಡೆ ಮಾತ್ರ ಥ್ರೆಡ್ (ಸುರುಳಿ ಗೀರು) ಇರುವ ಅರ್ಧ ಥ್ರೆಡ್ಡಿನ ಸ್ಕ್ರೂ ಎಳೆದು ಕೂಡಿಸುತ್ತದೆ, ಪೂರ್ತಿ ಥ್ರೆಡ್ಡಿನದು ಕೂಡಿದ್ದನ್ನು ಹಿಡಿದಿಡುತ್ತದೆ. 120 ಮಿ.ಮೀ. ದಪ್ಪದ ನೆಲದ ಪ್ಯಾನೆಲನ್ನು ಕೆಳಗಿನ ಗೋಡೆಗೆ 220 ಮಿ.ಮೀ. ಸ್ಕ್ರೂವಿನಿಂದ ಬಿಗಿಯುವುದಾದರೆ ಥ್ರೆಡ್ 100 ಮಿ.ಮೀ. ಮೀರಬಾರದು, ಮೀರಿದರೆ ಥ್ರೆಡ್ ಮೇಲಿನ ಪ್ಯಾನೆಲನ್ನೂ ಕಚ್ಚಿಕೊಂಡು, ಎಷ್ಟು ತಿರುಗಿಸಿದರೂ ಸಂದು ಮುಚ್ಚುವುದಿಲ್ಲ. ಒಮ್ಮೆ ಅವಸರದಲ್ಲಿ ಪೂರ್ತಿ ಥ್ರೆಡ್ಡಿನವನ್ನೇ ಮೊದಲು ಹಾಕಿದ್ದೆ. ಒಂದು ರೂಪಾಯಿಯ ನಾಣ್ಯ ತೂರುವಷ್ಟು ಸಂದು ಹಾಗೆಯೇ ಉಳಿಯಿತು, ಅಷ್ಟನ್ನೂ ಬಿಚ್ಚಿ ಮತ್ತೆ ಹಾಕಬೇಕಾಯಿತು.

ಮೇಲಿನಿಂದ ನೇರವಾಗಿ ಇಳಿದ ಸ್ಕ್ರೂ ಗೋಡೆಯ ಅಂಚಿನಲ್ಲಿ ಮರದ ನಾರಿನ ಉದ್ದಕ್ಕೇ ಸಾಗಿಬಿಡಬಹುದು. ಅಲ್ಲಿ ಅದರ ಹಿಡಿತ ಕಡಿಮೆ. ಆದ್ದರಿಂದ ಸಂದು ಕೂಡಿದ ಮೇಲೆ ಪೂರ್ತಿ ಥ್ರೆಡ್ಡಿನವನ್ನು, ನಕ್ಷೆಯಲ್ಲಿ ಎಂಜಿನಿಯರ್ ಗುರುತಿಸಿದ ಅಂತರದಲ್ಲಿ, ಓರೆಯಾಗಿ ಹಾಕಬೇಕು. 45 ಡಿಗ್ರಿಗೆ ಕೊಯ್ದ ಮರದ ತುಂಡೊಂದನ್ನು ಒತ್ತಿಟ್ಟುಕೊಂಡರೆ ಕೋನ ತಪ್ಪುವುದಿಲ್ಲ. ಪೈನಿನಂಥ ಮೆದು ಮರದಲ್ಲಿ 8 ಮಿ.ಮೀ. ಸ್ಕ್ರೂವಿಗೆ 5 ಮಿ.ಮೀ. ತೂತು ದಾರಿ ತೋರಿಸಲು ಸಾಕು. ಇಂಪ್ಯಾಕ್ಟ್ ಡ್ರೈವರ್ ಬೇಡ, ಅದರ ಹೊಡೆತಕ್ಕೆ ಉದ್ದನೆಯ ಸ್ಕ್ರೂ ಮರದೊಳಗೇ ತುಂಡಾಗಬಹುದು; ಬಲವಾದ, ನಿಧಾನ ವೇಗದ ಡ್ರಿಲ್ಲಿನಿಂದ ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ಇಳಿಸಿ.

ಇನ್ನು ಮಳೆ. ಕಾರ್ಖಾನೆಯಿಂದ ಬರುವಾಗ ಸುಮಾರು 12 ಶೇಕಡಾ ತೇವವಿರುವ ಪ್ಯಾನೆಲ್ ಆಗುಂಬೆಯ ಜುಲೈನಲ್ಲಿ ತಾಡಪಾಲಿಲ್ಲದೆ ನಿಂತರೆ ಅಂಚುಗಳಿಂದ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಮರಕ್ಕೆ ಬಿಗಿದ ಸ್ಕ್ರೂ, ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಸಡಿಲಾಗುತ್ತದೆ. ಹಾಗಾಗಿ ಕಡಿದ ಅಂಚುಗಳಿಗೆ ಮೊದಲೇ ಸೀಲರ್ ಬಳಿಯಿರಿ, ತೇವದ ಮೀಟರ್ ಇಟ್ಟು ನೋಡಿಯೇ ಬಿಗಿಯಿರಿ. ಜಗಲಿಯಂಥ ಇರಚಲು ಬಡಿಯುವ ಕಡೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಬಳಸಿ. ಆದರೆ ಅವು ಗಟ್ಟಿ ಉಕ್ಕಿನ ಸ್ಕ್ರೂಗಳಿಗಿಂತ ಬೇಗ ಮುರಿಯುವುದರಿಂದ ಡ್ರಿಲ್ಲಿನ ಬಲವನ್ನು ತಗ್ಗಿಸಿಕೊಳ್ಳಿ.

ಘಾಟಿಯ ತಿರುವುಗಳಲ್ಲಿ ಕುಲುಕಿ ಬಂದ ಕೋಣೆಯನ್ನು ಕೂರಿಸಿದ ಕೂಡಲೇ ಮೂಲೆಯ ಸ್ಕ್ರೂಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡಿ, ಆಮೇಲಷ್ಟೇ ಒಳಗಿನ ಹೊದಿಕೆ ಹಲಗೆಗಳನ್ನು ಮುಚ್ಚಿ.