ಬಜೆಟ್ ಭಾಷಣ ಸಾಕು, ಸ್ಥಾಯಿ ಸಮಿತಿ ವರದಿ ಓದಿ: ನಮ್ಮ ಕಡೆಯವರಿಗೆ ಸುಲಭ ದಾರಿ

ಫೆಬ್ರವರಿ 1ರ ಮಧ್ಯಾಹ್ನ ಟಿವಿಯಲ್ಲಿ ಭಾಷಣ ಮುಗಿಯುತ್ತಿದ್ದಂತೆ ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ನಮಗೇನು ಸಿಕ್ತು? ಮರುದಿನ ಪೇಪರ್ ಓದಿ ಒಂದಿಷ್ಟು ಬೈದು ಸುಮ್ನಾಗುತ್ತೇವೆ. ಆದರೆ ಒಂದೊಂದು ಸಚಿವಾಲಯ ಕೇಳಿದ ದುಡ್ಡನ್ನು ಸಂಸದರು ಕೂತು ಕೆದಕುವುದು ಅದಾದ ಮೇಲೆಯೇ. ಬಜೆಟ್ ಮೇಲಿನ ಸಾಮಾನ್ಯ ಚರ್ಚೆ ಮುಗಿದು ಸದನಕ್ಕೆ ಬಿಡುವು ಸಿಕ್ಕಾಗ, ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ಭಾಗದವರೆಗೆ, ಈ ಕೆಲಸ ನಡೆಯುತ್ತದೆ. ಮಾಡುವವರು ಇಲಾಖಾವಾರು ಸ್ಥಾಯಿ ಸಮಿತಿಗಳು. ಅವರ ವರದಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ, ಓದುವವರೇ ಇಲ್ಲ.

ಇಂಥ ಸಮಿತಿಗಳು ಒಟ್ಟು 24. ಒಂದೊಂದರಲ್ಲಿ 31 ಜನ, 21 ಲೋಕಸಭೆಯವರು, 10 ರಾಜ್ಯಸಭೆಯವರು. ಸಚಿವರು ಸದಸ್ಯರಾಗುವಂತಿಲ್ಲ. ಸಮಿತಿ ಮುಂದೆ ಕೂತು ಉತ್ತರ ಕೊಡುವವರೂ ಸಚಿವರಲ್ಲ, ಇಲಾಖೆ ಕಾರ್ಯದರ್ಶಿ ಮತ್ತು ಅಧಿಕಾರಿಗಳು. ಕ್ಯಾಮೆರಾ ಇಲ್ಲ, ಬಾಗಿಲು ಮುಚ್ಚಿರುತ್ತದೆ. ಅದಕ್ಕೇ ಅಲ್ಲಿ ಕೂಗಾಟ ಕಡಿಮೆ, ಪಕ್ಷ ಬಿಟ್ಟು ಪ್ರಶ್ನೆ ಕೇಳುವವರು ಜಾಸ್ತಿ ಅಂತ ನನ್ನ ಅನಿಸಿಕೆ.

ಮೊದಲು ಮಾಡಬೇಕಾದ್ದು, ನಿಮ್ಮ ವಿಷಯ ಯಾವ ಸಚಿವಾಲಯಕ್ಕೆ ಸೇರುತ್ತದೆ ಅಂತ ಪತ್ತೆ ಮಾಡುವುದು. ಹೆಚ್ಚಿನವರು ಎಡವುವುದೇ ಇಲ್ಲಿ. ಬ್ಯಾಡಗಿ ಮೆಣಸಿನಕಾಯಿ ಕೃಷಿ ತಾನೆ ಅಂದುಕೊಂಡು ಕೃಷಿ ಸಮಿತಿ ವರದಿ ತಿರುವಿ ಹಾಕುತ್ತೀರಿ, ಆದರೆ ಸಂಬಾರ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ, ಅದರ ದುಡ್ಡಿನ ಲೆಕ್ಕ ಬೇಕಿದ್ದರೆ ವಾಣಿಜ್ಯ ಸಮಿತಿಗೆ ಹೋಗಬೇಕು. ಗದಗ-ಬೆಟಗೇರಿಯ ಕೈಮಗ್ಗ ಜವಳಿ ಸಚಿವಾಲಯದ್ದು, ಅದನ್ನು ನೋಡುವುದು ಕಾರ್ಮಿಕ, ಜವಳಿ ಮತ್ತು ಕೌಶಲ ಅಭಿವೃದ್ಧಿ ಸಮಿತಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಆಗುತ್ತದಲ್ವಾ, ಆ ಖಾದಿ ಮಾತ್ರ ಜವಳಿಗೆ ಸೇರುವುದಿಲ್ಲ! ಅದು ಸಣ್ಣ ಕೈಗಾರಿಕೆ ಸಚಿವಾಲಯ, ನೋಡುವುದು ಕೈಗಾರಿಕಾ ಸಮಿತಿ. ರೈಲು ಮಾತ್ರ ಸರಳ, ರೈಲ್ವೆ ಸಮಿತಿ.

ಕೆಲವನ್ನು ಇಲ್ಲಿ ಹುಡುಕಲೇ ಬೇಡಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಗೋಳು ರಾಜ್ಯದ್ದು. ಕಳಸಾ-ಬಂಡೂರಿ ಸಿಕ್ಕಿಬಿದ್ದಿರುವುದು ಅರಣ್ಯ, ವನ್ಯಜೀವಿ ಅನುಮತಿಯಲ್ಲಿ ಮತ್ತು ರಾಜ್ಯಗಳ ಜಗಳದಲ್ಲಿ, ದಿಲ್ಲಿಯ ಅನುದಾನ ಬೇಡಿಕೆಯಲ್ಲಿ, ಅಂದರೆ ಸಚಿವಾಲಯಗಳು ಸಂಸತ್ತಿನ ಮುಂದೆ ಹಣ ಕೇಳಿ ಇಡುವ ಲೆಕ್ಕದಲ್ಲಿ ಅಲ್ಲ. ಇಲಾಖೆಯ ದಿನನಿತ್ಯದ ಆಡಳಿತಕ್ಕೂ ಈ ಸಮಿತಿಗಳು ಕೈ ಹಾಕುವಂತಿಲ್ಲ.

ವರದಿ ಸಿಗುವುದು ಸಂಸದ್ ಡಾಟ್ ಇನ್ ತಾಣದಲ್ಲಿ. ಸಮಿತಿಗಳ ವಿಭಾಗಕ್ಕೆ ಹೋಗಿ, ನಿಮ್ಮ ಸಮಿತಿ ಆರಿಸಿ, ಅನುದಾನ ಬೇಡಿಕೆ (ಇಂಗ್ಲಿಷಿನಲ್ಲಿ ಡಿಮ್ಯಾಂಡ್ಸ್ ಫಾರ್ ಗ್ರಾಂಟ್ಸ್) ಅಂತ ಹೆಸರಿರುವ ವರದಿ ಇಳಿಸಿಕೊಳ್ಳಿ. 16 ಸಮಿತಿಗಳು ಲೋಕಸಭೆಯ ಪುಟದಲ್ಲಿರುತ್ತವೆ, 8 ರಾಜ್ಯಸಭೆಯ ಪುಟದಲ್ಲಿ. ಮೇಲೆ ಹೇಳಿದ ವಾಣಿಜ್ಯ ಮತ್ತು ಕೈಗಾರಿಕೆ ಎರಡೂ ರಾಜ್ಯಸಭೆಯವು. ಭಾಷೆ ಇಂಗ್ಲಿಷ್ ಇಲ್ಲವೇ ಹಿಂದಿ. ಕನ್ನಡ ಇಲ್ಲ, ಏನು ಮಾಡೋಣ.

ಇನ್ನು ಓದುವ ಬಗೆ. ಮುನ್ನುಡಿ, ಸಚಿವಾಲಯದ ಹುಟ್ಟು ಬೆಳವಣಿಗೆ ಎಲ್ಲ ಹಾರಿಸಿ, ಸೀದಾ ಕೋಷ್ಟಕಕ್ಕೆ ಬನ್ನಿ. ಅಲ್ಲಿ ಮೂರು ಸಾಲು ಗಮನಿಸಿ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಆದ ಖರ್ಚು. ವರ್ಷದ ಮೊದಲಿಗೆ ಕೊಡ್ತೀವಿ ಅಂದದ್ದು ಬಜೆಟ್ ಅಂದಾಜು, ವರ್ಷದ ನಡುವೆ ಹೆಚ್ಚು ಕಡಿಮೆ ಮಾಡಿದ್ದು ಪರಿಷ್ಕೃತ ಅಂದಾಜು. ಟಿವಿಯಲ್ಲಿ ಕೇಳಿದ್ದು ಮೊದಲನೆಯದು ಮಾತ್ರ. 2025-26ರ ಬಜೆಟ್ ಪುಸ್ತಕ ತೆರೆದರೆ ನಿಜವಾದ ಖರ್ಚು ಸಿಗುವುದು 2023-24ರದ್ದು, ಅಂದರೆ ಪೂರ್ತಿ ಲೆಕ್ಕ ಎರಡು ವರ್ಷ ಹಿಂದಿನದು. ಒಂದೇ ವರ್ಷದ ಈ ಮೂರು ಅಂಕಿಯನ್ನು ಪಕ್ಕಪಕ್ಕ ಬರೆದುಕೊಳ್ಳಿ. ಘೋಷಣೆ ದೊಡ್ಡದು, ಪರಿಷ್ಕರಣೆಯಲ್ಲಿ ಅರ್ಧ, ಖರ್ಚು ಅದಕ್ಕಿಂತ ಕಡಿಮೆ ಅಂತಾದರೆ ಅದರ ಕೆಳಗೆ ಇಲಾಖೆ ಕೊಟ್ಟ ಕಾರಣ ಇರುತ್ತದೆ. ಅದನ್ನು ನಿಧಾನಕ್ಕೆ ಓದಿ. ರಾಜ್ಯ ತನ್ನ ಪಾಲು ಕೊಡಲಿಲ್ಲ, ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಬರಲಿಲ್ಲ, ಜಾಗ ಸಿಗಲಿಲ್ಲ, ಹೀಗೆ. ಯಾರ ಬಾಗಿಲು ತಟ್ಟಬೇಕು ಅನ್ನುವುದು ಆ ಕಾರಣದಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಕಡತ ನಿಂತಿದ್ದರೆ ದಿಲ್ಲಿಗೆ ಪತ್ರ ಬರೆದು ಏನು ಉಪಯೋಗ?

ಹಣ ಯಾವ ತಿಂಗಳಲ್ಲಿ ಖರ್ಚಾಯಿತು ಅನ್ನುವುದನ್ನೂ ನೋಡಿ. ಕೊನೆಯ ಮೂರು ತಿಂಗಳಲ್ಲಿ 33%, ಮಾರ್ಚ್ ಒಂದರಲ್ಲೇ 15% ಮೀರಬಾರದು ಅಂತ ಹಣಕಾಸು ಸಚಿವಾಲಯದ ಸೂಚನೆ ಇದೆ. ಮಾರ್ಚ್‌ನಲ್ಲಿ ಗಡಿಬಿಡಿಯಿಂದ ಬಿಲ್ ಮಾಡಿದ್ದರೆ ಸಮಿತಿ ಸಾಮಾನ್ಯವಾಗಿ ಕಿವಿ ಹಿಂಡಿರುತ್ತದೆ.

ರೈಲಿನ ವಿಷಯಕ್ಕೆ ಒಂದು ಮಾತು. ಗದಗ-ವಾಡಿ ಮಾರ್ಗಕ್ಕೆ ಎಷ್ಟು, ಹುಬ್ಬಳ್ಳಿ-ಅಂಕೋಲಾಕ್ಕೆ ಎಷ್ಟು ಅಂತ ಸಮಿತಿ ವರದಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೆ ಪಿಂಕ್ ಬುಕ್ ಅಂತ ಬೇರೆ ಪುಸ್ತಕ ಇದೆ. ವಲಯವಾರು ಇರುತ್ತದೆ, ನಮ್ಮದು ನೈಋತ್ಯ ರೈಲ್ವೆ. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್ಟಿನಲ್ಲಿ ಸೇರಿದ ಮೇಲೂ ಪಿಂಕ್ ಬುಕ್ ಬರುತ್ತಿದೆ. ಅದರಲ್ಲಿ ಮಾರ್ಗದ ಹೆಸರು ಕಂಡ ಕೂಡಲೇ ಖುಷಿಪಡಬೇಡಿ. ಹೆಸರಿನ ಮುಂದೆ ಬರೀ ನಾಮ್‌ಕಾವಸ್ತೆ ಮೊತ್ತ ಇದ್ದರೆ, ಯೋಜನೆ ಪಟ್ಟಿಯಿಂದ ಬಿಟ್ಟುಹೋಗದಿರಲಿ ಅಂತ ಇಟ್ಟದ್ದು ಅಷ್ಟೇ.

ಸಮಿತಿಗೆ ಹಲ್ಲಿಲ್ಲ ಅನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಅದು ಸಲಹೆ ಕೊಡಬಹುದು, ಇಂತಿಷ್ಟು ಹಣ ಕತ್ತರಿಸಿ ಅಂತ ಕಡಿತ ಸೂಚನೆಯ ಹಾಗೆ ಹೇಳುವಂತಿಲ್ಲ. ಸದನದಲ್ಲಾದರೋ ಸಮಯ ಸಾಲದೆ ಹೆಚ್ಚಿನ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾಗುತ್ತವೆ, ಅದಕ್ಕೆ ಗಿಲೋಟಿನ್ ಅನ್ನುತ್ತಾರೆ. 2023ರ ಮಾರ್ಚ್ 23ರಂದು ಗದ್ದಲದ ನಡುವೆ ಎಲ್ಲ ಬೇಡಿಕೆಗಳೂ ಹಾಗೇ ಪಾಸಾದವು. ಅಂಥ ವರ್ಷ ಈ ವರದಿ ಬಿಟ್ಟರೆ ಆ ದುಡ್ಡನ್ನು ಪ್ರಶ್ನಿಸಿದ ದಾಖಲೆ ಹೆಚ್ಚೇನೂ ಉಳಿಯುವುದಿಲ್ಲ. ಚುನಾವಣೆ ವರ್ಷದಲ್ಲಂತೂ ಇನ್ನೂ ಹದಗೆಡುತ್ತದೆ. 2024ರಲ್ಲಿ ಪೂರ್ಣ ಬಜೆಟ್ ಬಂದದ್ದು ಜುಲೈನಲ್ಲಿ, ಸಮಿತಿಗಳು ರಚನೆಯಾದದ್ದು ಸೆಪ್ಟೆಂಬರ್‌ನಲ್ಲಿ, ಅಷ್ಟರಲ್ಲಿ ಬಜೆಟ್ ಪಾಸಾಗಿತ್ತು.

ಸಮಿತಿಯಲ್ಲಿರುವ ಸಂಸದರಿಗೆ ನಿಮ್ಮ ಪ್ರಶ್ನೆ ಕಳಿಸುವುದಿದ್ದರೆ ಜನವರಿಯಲ್ಲೇ ಕಳಿಸಿ, ಮಾರ್ಚ್‌ಗೆ ತಡವಾಗುತ್ತದೆ. ಸಮಿತಿಯ ಸದಸ್ಯರ ಪಟ್ಟಿ ನೋಡಿ. ಧಾರವಾಡದಿಂದ ಗೆದ್ದ ಪ್ರಲ್ಹಾದ ಜೋಶಿ 2019ರಲ್ಲಿ ಸಂಪುಟ ಸೇರಿದರು, ಸಚಿವರಾಗಿರುವಷ್ಟು ದಿನ ಅವರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ನಿಮ್ಮ ಸಂಸದರು ಯಾರು ಅನ್ನುವುದನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಗದಗ ಊರು ಹಾವೇರಿ ಕ್ಷೇತ್ರದಲ್ಲಿದೆ, ಅದೇ ಜಿಲ್ಲೆಯ ನರಗುಂದ ಬಾಗಲಕೋಟೆಗೆ ಸೇರುತ್ತದೆ, ಹಾವೇರಿ ಜಿಲ್ಲೆಯ ಶಿಗ್ಗಾವಿಯವರು ಮತ ಹಾಕುವುದು ಧಾರವಾಡಕ್ಕೆ! ನಿಮ್ಮವರು ಆ ಸಮಿತಿಯಲ್ಲಿ ಇಲ್ಲದಿದ್ದರೆ ರಾಜ್ಯದ ಬೇರೆ ಸಂಸದರು ಇರಬಹುದು, ಕರ್ನಾಟಕದ 12 ರಾಜ್ಯಸಭಾ ಸದಸ್ಯರನ್ನೂ ಮರೆಯಬೇಡಿ.

ಪತ್ರ ಒಂದು ಪುಟ ದಾಟಬಾರದು. "ನಮ್ಮ ಭಾಗಕ್ಕೆ ಅನ್ಯಾಯವಾಗಿದೆ" ಅಂತ ಬರೆದರೆ ಯಾರೂ ಓದುವುದಿಲ್ಲ. ಕಳೆದ ವರದಿಯ ಇಂಥ ಪುಟದಲ್ಲಿ ಕೈಮಗ್ಗ ಯೋಜನೆಗೆ ಇಷ್ಟು ಇಟ್ಟು ಇಷ್ಟೇ ಖರ್ಚಾಗಿದೆ, ಉಳಿದದ್ದು ಯಾಕೆ ಉಳಿಯಿತು ಅಂತ ಕಾರ್ಯದರ್ಶಿಯನ್ನು ಕೇಳಿ, ಹೀಗೆ ಬರೆಯಿರಿ. ಸದಸ್ಯರು ಅದನ್ನೇ ಓದಿ ಕೇಳುವಂತಿರಬೇಕು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಇಷ್ಟದ ದಾಖಲೆ. ಸಮಿತಿ ಹೇಳಿದ್ದಕ್ಕೆ ಸರ್ಕಾರ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆ ಉತ್ತರಗಳ ಮೇಲೆ ಸಮಿತಿ ಇನ್ನೊಂದು ವರದಿ ತರುತ್ತದೆ, ಅದು ಕ್ರಮ ಕೈಗೊಂಡ ವರದಿ. ಲೋಕಸಭೆ ಸಮಿತಿಗಳ ಇಂಥ ವರದಿಯಲ್ಲಿ ಐದು ಅಧ್ಯಾಯ ಇರುತ್ತವೆ. ಎರಡನೆಯದರಲ್ಲಿ ಸರ್ಕಾರ ಒಪ್ಪಿದ್ದು, ಮೂರನೆಯದರಲ್ಲಿ ಸಮಿತಿ ಕೈಬಿಟ್ಟದ್ದು. ನೀವು ತೆರೆಯಬೇಕಾದ್ದು ನಾಲ್ಕನೆಯದು. ಸರ್ಕಾರದ ಉತ್ತರ ಸರಿಯಿಲ್ಲ ಅಂತ ಸಮಿತಿ ಒಪ್ಪದೆ ಬಿಟ್ಟವೆಲ್ಲ ಅಲ್ಲಿರುತ್ತವೆ. ಐದನೆಯದರಲ್ಲಿ ಇನ್ನೂ ಪೂರ್ತಿ ಉತ್ತರ ಬಾರದವು. ಮುಂದಿನ ಜನವರಿಯ ಪತ್ರಕ್ಕೆ ಬೇಕಾದ ಪ್ರಶ್ನೆಗಳು ಈ ಎರಡು ಅಧ್ಯಾಯಗಳಲ್ಲೇ ಸಿಗುತ್ತವೆ.